ಅಣಬೆ ಯಾರಿಗೆ ಔಷಧಿ, ಯಾರಿಗೆ ಜೈಲು?

ಬೈಕುಲ್ಲಾದಲ್ಲಿ ನಿಂತು ಮಾತಾಡ್ತಾ ಇರೋದ್ರಿಂದ ಇಲ್ಲಿಂದಲೇ ಶುರು ಮಾಡ್ತೀನಿ. ಈ ಏರಿಯಾದಲ್ಲಿ ಮಾನಸಿಕ ಚಿಕಿತ್ಸೆಗೆ ಹೆಸರಾದ ಮಸೀನಾ ಆಸ್ಪತ್ರೆ ಇದೆ, ಮಹಿಳೆಯರ ಜೈಲೂ ಇದೆ. ನಶೆಯ ವಿಷಯ ಬಂದಾಗ ಯಾರು ಆಸ್ಪತ್ರೆಗೆ ಹೋಗ್ತಾರೆ, ಯಾರು ಜೈಲಿಗೆ ಹೋಗ್ತಾರೆ? ಇವತ್ತು ಅದನ್ನೇ ನೋಡೋಣ.

ಈ ಜೈಲಿನ ಹೆಸರು ಮನೆಮನೆಗೆ ಗೊತ್ತಾಗಿದ್ದು 2020ರ ಸೆಪ್ಟೆಂಬರ್‌ನಲ್ಲಿ, ರಿಯಾ ಚಕ್ರವರ್ತಿ ಅಲ್ಲಿದ್ದಾಗ. ಆಕೆ ಮೇಲೆ ಹಾಕಿದ್ದು ಎನ್‌ಡಿಪಿಎಸ್ ಕಾಯ್ದೆಯ 27ಎ, ಅಂದ್ರೆ ಮಾದಕ ವಸ್ತು ವ್ಯಾಪಾರಕ್ಕೆ ಹಣ ಹೂಡಿದ ಆರೋಪ. ಕನಿಷ್ಠ ಶಿಕ್ಷೆ 10 ವರ್ಷ. ಇನ್ನೊಬ್ಬರ ಬಳಕೆಗೆ ದುಡ್ಡು ಕೊಟ್ಟರೆ ಅದು ಹೂಡಿಕೆ ಆಗಲ್ಲ ಅಂತ ಬಾಂಬೆ ಹೈಕೋರ್ಟ್ ಅಕ್ಟೋಬರ್ 7ಕ್ಕೆ ಜಾಮೀನು ಕೊಡ್ತು. ಒಳ್ಳೆ ವಕೀಲರಿದ್ದೂ ಹೆಚ್ಚುಕಮ್ಮಿ ಒಂದು ತಿಂಗಳು ಒಳಗಿದ್ದರು.

ವಕೀಲರೇ ಇಲ್ಲದವರ ಗತಿ? ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆ 2017-18ರ ಮುಂಬೈ ಮ್ಯಾಜಿಸ್ಟ್ರೇಟ್ ಕೋರ್ಟ್‌ಗಳ 10,000ಕ್ಕೂ ಹೆಚ್ಚು ಎನ್‌ಡಿಪಿಎಸ್ ಕೇಸುಗಳನ್ನ ತೆಗೆದು ನೋಡ್ತು. ಸುಮಾರು ಶೇ. 87 ಗಾಂಜಾ ಕೇಸು, ಹೆಚ್ಚಿನವು ಸ್ವಂತ ಬಳಕೆಯವು. ಸಿಕ್ಕಿಬಿದ್ದವರು ದಿನಗೂಲಿಯವರು, ಜೋಪಡಿಯವರು, ಬೀದಿಯಲ್ಲೇ ಮಲಗೋರು. ಗಾಂಜಾ ಬಾಂದ್ರಾದ ಫ್ಲಾಟ್‌ನಲ್ಲೂ ಸೇದ್ತಾರೆ ಬಿಡಿ. ಆದ್ರೆ ಫ್ಲಾಟ್‌ಗೆ ಬಾಗಿಲಿದೆ, ಫುಟ್‌ಪಾತ್‌ಗೆ ಇಲ್ಲ.

ಇಲ್ಲಿ ಬಡತನ ಮಾಡೋ ಕೆಲಸವನ್ನ ಅಮೆರಿಕದಲ್ಲಿ ಚರ್ಮದ ಬಣ್ಣ ಮಾಡುತ್ತೆ. 1986ರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಕನಿಷ್ಠ ಶಿಕ್ಷೆ. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ. 2010ರಲ್ಲಿ ಆ 100:1 ಅನ್ನೋದನ್ನ 18:1ಕ್ಕೆ ಇಳಿಸಿದ್ರು, ಸಮ ಮಾಡಲಿಲ್ಲ.

ಈಗ ಅದೇ ದೇಶದಲ್ಲಿ ಸೈಕೆಡೆಲಿಕ್ ಚಿಕಿತ್ಸೆಯ ಮಾತು ಜೋರಾಗಿದೆ. ಖಿನ್ನತೆಗೆ ಅಣಬೆಯ ಸೈಲೋಸೈಬಿನ್, ಆಘಾತಕ್ಕೆ ಎಂಡಿಎಂಎ. ಅಣಬೆಯ ವಿದ್ಯೆ ಮೆಕ್ಸಿಕೋದ ಮಸಾಟೆಕ್ ಜನರದ್ದು. 1957ರಲ್ಲಿ ಗಾರ್ಡನ್ ವಾಸನ್ ಲೈಫ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರು ಮರಿಯಾ ಸಬೀನಾ ಎಂಬ ವೈದ್ಯೆಯನ್ನ ಹುಡುಕ್ಕೊಂಡು ಬಂದ್ರು, ಹಿಂದೆಯೇ ಪೊಲೀಸರು ಬಂದ್ರು, ಕೊನೆಗೆ ಆಕೆಯ ಮನೆಯನ್ನೇ ಸುಟ್ಟರು. 1993ರಿಂದ 2017ರವರೆಗಿನ 18 ಅಧ್ಯಯನಗಳಲ್ಲಿ ಭಾಗವಹಿಸಿದ 282 ಜನರಲ್ಲಿ ಶೇ. 82 ಬಿಳಿಯರು. ಏಷ್ಯಾದವರು ಶೇ. 2 ಕೂಡ ಇಲ್ಲ. ನಮ್ಮಂಥವರ ಮೇಲೆ ಇದು ಹೇಗೆ ಕೆಲಸ ಮಾಡುತ್ತೆ ಅಂತ ಹೇಳೋಕೆ ಅಷ್ಟು ಸಾಕಾ?

ನಮಗೂ ಇದೇನು ಹೊಸದಲ್ಲ. ಯಾದಗಿರಿ ಕಡೆಯವರು ಇಲ್ಲಿದ್ದರೆ ತಿಂಥಣಿ ಮೌನೇಶ್ವರ ಜಾತ್ರೆಯ ಗಾಂಜಾ ಪ್ರಸಾದ ಗೊತ್ತಿರುತ್ತೆ. 1985ರ ಕಾಯ್ದೆ ಬರೆದವರೂ ಭಂಗಿ ಸೊಪ್ಪನ್ನ ಹೊರಗೇ ಬಿಟ್ಟರು.

ಒರೆಗಾನ್, ಕೊಲರಾಡೋದಲ್ಲಿ ಇರೋರು ದಯವಿಟ್ಟು ಕೇಳಿಸ್ಕೊಳ್ಳಿ. ಅಲ್ಲಿ ರಾಜ್ಯದ ಲೈಸೆನ್ಸ್ ಇರೋ ಅಣಬೆ ಸೆಂಟರ್‌ಗಳಿವೆ. ಟೀಮ್‌ಮೇಟ್ ಹೋಗಿ ಬಂದು ಲಂಚ್‌ನಲ್ಲಿ ಕಥೆ ಹೇಳ್ತಾನೆ, ಅವನು ಸಿಟಿಜನ್. ಫೆಡರಲ್ ಕಾನೂನಲ್ಲಿ ಅದು ಇನ್ನೂ ಅಪರಾಧ, ವೀಸಾ ನೋಡೋದು ಫೆಡರಲ್ ಸರ್ಕಾರ. ಶಿಕ್ಷೆ ಆಗಿರಲೇಬೇಕು ಅಂತಿಲ್ಲ, ಅಧಿಕಾರಿ ಮುಂದೆ ಒಪ್ಪಿಕೊಂಡ್ರೂ ಪ್ರವೇಶ ನಿರಾಕರಿಸಬಹುದು. ಗ್ರೀನ್ ಕಾರ್ಡ್ ಇದ್ರೂ ತೊಂದರೆ ತಪ್ಪಿದ್ದಲ್ಲ.

ಇನ್ನು ಊರಿಗೆ ಬರುವಾಗ ಪರ್ಸ್‌ನಲ್ಲಿ ಎಲ್‌ಎಸ್‌ಡಿ ಚೀಟಿ ಇಟ್ಕೊಂಡು ಬರೋ ಧೈರ್ಯ ಬೇಡ. ನಮ್ಮಲ್ಲಿ 0.1 ಗ್ರಾಂ ಎಲ್‌ಎಸ್‌ಡಿಯೇ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ. ಕಾಗದದ ತೂಕವನ್ನೂ ಸೇರಿಸಬೇಕು ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ ಹೇಳಿದೆ.

ಖಿನ್ನತೆ ಮಾತ್ರೆಗೆ ಬಗ್ಗದಿದ್ದರೆ ಮನೋವೈದ್ಯರನ್ನ ಕೆಟಮೈನ್ ಬಗ್ಗೆ ಕೇಳಿ. ಆಸ್ಪತ್ರೆಯಲ್ಲಿ, ಬಿಪಿ ನೋಡ್ತಾ ಕೊಡ್ತಾರೆ, ಕಾನೂನಿನ ತೊಂದರೆ ಇಲ್ಲ. ಚಟ ಹತ್ತಿದವರು ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿಬಿದ್ದರೆ ಸೆಕ್ಷನ್ 64ಎ ಇದೆ: ತಾವಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕೇಂದ್ರದಲ್ಲಿ ಚಿಕಿತ್ಸೆ ತಗೊಂಡ್ರೆ ಮೊಕದ್ದಮೆಯಿಂದ ವಿನಾಯಿತಿ ಕೇಳಬಹುದು, ಚಿಕಿತ್ಸೆ ಮಧ್ಯೆ ಬಿಡಬಾರದು ಅಷ್ಟೇ. ಮನೆ ಕೆಲಸದವರ ಮಗನೋ, ಆಫೀಸಿನ ಡ್ರೈವರೋ ಸಿಕ್ಕಿಬಿದ್ದಾಗ, ತಪ್ಪೊಪ್ಪಿಕೊಂಡು ಫೈನ್ ಕಟ್ಟೋ ಮುಂಚೆ ಅವರಿಗೆ ಈ ನಂಬರ್ ಹೇಳಿ. ಬರೆದುಕೊಳ್ಳಿ, 64ಎ. ಈಗ ಪ್ರಶ್ನೆಗಳಿದ್ರೆ ಕೇಳಿ.