ನಾಲ್ಕು ದಿನಗಳ ದುಡಿಮೆ, ಐದು ದಿನಗಳ ಸೇವೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸರಕಾರಿ ಕಚೇರಿಯೆಂದೊಡನೆ ನಮ್ಮ ಕಣ್ಣ ಮುಂದೆ ಇಬ್ಬರು ಸುಳಿಯುತ್ತಾರೆ: ಕಡತಗಳ ರಾಶಿಯ ಹಿಂದೆ ಬಳಲಿದ ಗುಮಾಸ್ತ, ಒಂದು ದಿನದ ಕೂಲಿ ಕಳೆದುಕೊಂಡು ಬಾಗಿಲಲ್ಲಿ ಕಾದು ನಿಂತ ಬಡವ. ಒಬ್ಬನ ಹಿತವೆಂದರೆ ಇನ್ನೊಬ್ಬನ ಹಾನಿಯೆಂದೇ ನಾವು ಭಾವಿಸುತ್ತ ಬಂದಿದ್ದೇವೆ. ಆ ಭಾವನೆ ಎಷ್ಟರ ಮಟ್ಟಿಗೆ ಸರಿ? ಇಂಗ್ಲೆಂಡಿನ ಒಂದು ಸ್ಥಳೀಯ ಸಂಸ್ಥೆಯ ಅನುಭವವನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಕೇಂಬ್ರಿಜ್ ನಗರವನ್ನು ಸುತ್ತುವರಿದ ಊರುಗಳ ಆಡಳಿತ ಸೌತ್ ಕೇಂಬ್ರಿಜ್‌ಶೈರ್ ಜಿಲ್ಲಾ ಮಂಡಳಿಯದು. ಕಟ್ಟಡಗಳಿಗೆ ಅನುಮತಿ, ಬಾಡಿಗೆ ಮನೆಗಳ ನಿರ್ವಹಣೆ, ಕಸ ಸಾಗಣೆ ಮೊದಲಾದುವು ಅದರ ಕಾರ್ಯಗಳು. ನುರಿತ ನೌಕರರು ದೊರೆಯುವುದೂ ನಿಲ್ಲುವುದೂ ಕಷ್ಟವಾಗಿ, ಏಜೆನ್ಸಿಗಳ ಮೂಲಕ ತಾತ್ಕಾಲಿಕ ನೌಕರರನ್ನು ದುಬಾರಿ ವೇತನಕ್ಕೆ ಪಡೆಯಬೇಕಾಗುತ್ತಿತ್ತು. ಆದ್ದರಿಂದ 2023ರ ಜನವರಿಯಲ್ಲಿ ಮಂಡಳಿಯು ಸುಮಾರು 450 ಮಂದಿ ಕಚೇರಿ ನೌಕರರಿಗೆ ಪ್ರಾಯೋಗಿಕವಾಗಿ ನಾಲ್ಕು ದಿನಗಳ ವಾರವನ್ನು ಜಾರಿಗೆ ತಂದಿತು. ಸಂಬಳ ಪೂರ್ತಿ, ಕೆಲಸ ಪೂರ್ತಿ, ಕಾಲ ಮಾತ್ರ ನೂರಕ್ಕೆ ಎಂಬತ್ತು. ಅದೇ ವರ್ಷ ಕಸ ಸಾಗಿಸುವ ಕಾರ್ಮಿಕರೂ ಇದರಲ್ಲಿ ಸೇರಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ರಜೆ ನೌಕರನಿಗೇ ಹೊರತು ಕಚೇರಿಗಲ್ಲ. ನೌಕರರು ಸರದಿಯ ಮೇಲೆ ಬಿಡುವು ಪಡೆದರು. ಬಾಗಿಲು ಐದು ದಿನವೂ ತೆರೆದಿತ್ತು. ಅಮೆರಿಕದ ಯೂಟಾ ರಾಜ್ಯವು 2008ರಲ್ಲಿ ದಿನಕ್ಕೆ ಹತ್ತು ಗಂಟೆಯಂತೆ ನಾಲ್ಕು ದಿನ ದುಡಿಸಿ, ಶುಕ್ರವಾರ ಬಹುತೇಕ ಕಚೇರಿಗಳನ್ನೇ ಮುಚ್ಚಿತ್ತು. ನಾಗರಿಕರು ದೂರಿದರು, ಉಳಿತಾಯವೂ ಎಣಿಸಿದಷ್ಟಾಗಲಿಲ್ಲ, 2011ರಲ್ಲಿ ಆ ಪದ್ಧತಿ ಕೊನೆಗೊಂಡಿತು.

ಕೇಂಬ್ರಿಜ್ ಮಂಡಳಿಗೂ ವಿರೋಧ ಬಾರದಿರಲಿಲ್ಲ. ತೆರಿಗೆ ಕೊಡುವವನಿಗೆ ಪೂರ್ತಿ ಸೇವೆ ಸಲ್ಲಬೇಕೆಂದು ವಾದಿಸಿ, ಪ್ರಯೋಗವನ್ನು ನಿಲ್ಲಿಸುವಂತೆ ಅಂದಿನ ಲಂಡನ್ ಸರಕಾರವು 2023ರಲ್ಲಿ ಕೇಳಿತು. ಈ ಆಕ್ಷೇಪ ಹಗುರವಾದುದಲ್ಲ. ಮಂಡಳಿಯು ಅದಕ್ಕೆ ಅಂಕಿ ಅಂಶಗಳಿಂದಲೇ ಉತ್ತರ ಕೊಟ್ಟಿತು. ವಿಶ್ವವಿದ್ಯಾಲಯಗಳ ವಿದ್ವಾಂಸರು 2024ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, 24 ಬಗೆಯ ಸೇವೆಗಳ ಅಳತೆಗಳ ಪೈಕಿ 22 ಸುಧಾರಿಸಿದ್ದವು ಅಥವಾ ಹಿಂದಿನಂತೆಯೇ ಇದ್ದವು. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇಕಡಾ 39ರಷ್ಟು ಇಳಿದಿತ್ತು. ವರ್ಷಕ್ಕೆ 3,71,500 ಪೌಂಡು ಉಳಿದಿತ್ತು. ಬಾಡಿಗೆ ವಸೂಲಿಯಂಥ ಕೆಲಸ ಹಿಂದೆ ಬಿದ್ದುದನ್ನೂ ಮುಚ್ಚಿಡಲಿಲ್ಲ. 2025ರ ಜುಲೈಯಲ್ಲಿ ಮಂಡಳಿಯ ಸದಸ್ಯರು ಮತ ಹಾಕಿ ಇದನ್ನು ಕಾಯಂಗೊಳಿಸಿದರು.

ನಾವಿರುವ ಮಹಾರಾಷ್ಟ್ರದಲ್ಲಿಯೂ 2020ರ ಫೆಬ್ರವರಿ 29ರಿಂದ ರಾಜ್ಯ ಸರಕಾರದ ಕಚೇರಿಗಳಿಗೆ ಐದು ದಿನಗಳ ವಾರ ಬಂದಿದೆ; ದಿನದ ಅವಧಿಯನ್ನು ತುಸು ಹೆಚ್ಚಿಸಲಾಯಿತು. ದಿನಗಳೆಷ್ಟು ಎಂಬ ಚರ್ಚೆಗಿಂತ, ಕೊಟ್ಟ ಅರ್ಜಿ ಎಷ್ಟು ದಿನಗಳಲ್ಲಿ ತೀರುತ್ತದೆ ಎಂಬ ಪ್ರಶ್ನೆ ನಮಗೆ ಮುಖ್ಯವಾಗಬೇಕು. ಗಡಿನಾಡಿನ ನಾವು ನಮ್ಮ ನಗರಸಭೆಗಳಿಂದ ಈ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಕೇಳಿ ಪಡೆಯೋಣ. ಆ ಲೆಕ್ಕ ಕೈಯಲ್ಲಿದ್ದರೆ ದುಡಿಯುವವನ ಬಿಡುವನ್ನೂ ಕಾಯುವವನ ಹಕ್ಕನ್ನೂ ಒಟ್ಟಿಗೆ ಕಾಪಾಡುವ ದಾರಿ ದೊರೆತೀತೆಂದು ನಂಬಿದ್ದೇನೆ.