ಬಲೂನಿಗೆ ಕಟ್ಟಿದ ಆಂಟೆನಾ: ಜಗಳೂರಿಗೆ ಸರಿ, ಹೊನ್ನಾಳಿಗೆ ಬೇಡ

ಹೋದ ಎಪಿಸೋಡ್‌ನಲ್ಲಿ ಹ್ಯಾಮ್ ರೇಡಿಯೋ ಬಗ್ಗೆ ಮಾತಾಡಿದ್ವಲ್ಲ, ಅದನ್ನು ಕೇಳಿ ಜಗಳೂರು ಕಡೆಯವರೊಬ್ಬರು ಮೆಸೇಜ್ ಹಾಕಿದ್ದಾರೆ. “ನಮ್ಮಲ್ಲಿ ಎತ್ತರದ ಮರ ಇಲ್ಲ, ಟವರ್ ಹಾಕಿಸೋಕೆ ದುಡ್ಡಿಲ್ಲ. ಗ್ಯಾಸ್ ಬಲೂನಿಗೆ ತಂತಿ ಕಟ್ಟಿ ಮೇಲೆ ಬಿಟ್ರೆ ಆಂಟೆನಾ ಆಗುತ್ತಾ?” ಅಂತ.

ಆಗುತ್ತೆ. ಇದು ರೇಡಿಯೋದಷ್ಟೇ ಹಳೇ ಐಡಿಯಾ. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲ್ಯಾಂಡ್‌ಗೆ ಹೋದಾಗ ಬಲೂನು, ಗಾಳಿಪಟ ಎರಡನ್ನೂ ತಗೊಂಡು ಹೋಗಿದ್ದ. ಬಲೂನನ್ನು ಗಾಳಿ ಕಿತ್ತುಕೊಂಡು ಹೋಯ್ತು. ಡಿಸೆಂಬರ್ 12ರಂದು ಸುಮಾರು 150 ಮೀಟರ್ ತಂತಿ ಎತ್ತಿ ಹಿಡಿದದ್ದು ಗಾಳಿಪಟ. ಇಂಗ್ಲೆಂಡಿನ ಪೋಲ್ಡುವಿನಿಂದ ಕಳಿಸಿದ ‘ಎಸ್’ ಅಕ್ಷರದ ಮೂರು ಚುಕ್ಕೆ ಕೇಳಿಸಿತು ಅಂದ. ನಿಜವಾಗಲೂ ಕೇಳಿಸಿತ್ತಾ ಅಂತ ತಿಳಿದವರು ಇವತ್ತಿಗೂ ಜಗಳ ಆಡ್ತಾರೆ, ಅದು ಬೇರೆ ಕಥೆ. ಎರಡನೇ ಮಹಾಯುದ್ಧದಲ್ಲಿ ಸಮುದ್ರಕ್ಕೆ ಬಿದ್ದ ಅಮೆರಿಕದ ವಿಮಾನ ಸಿಬ್ಬಂದಿಗೆ ‘ಗಿಬ್ಸನ್ ಗರ್ಲ್’ ಅನ್ನೋ ಅಡ್ಡಹೆಸರಿನ, ಕೈಯಲ್ಲಿ ತಿರುಗಿಸುವ ರೇಡಿಯೋ ಇರ್ತಿತ್ತು. ಅದರ ಜೊತೆಗೂ ತಂತಿ ಎತ್ತೋಕೆ ಗಾಳಿಪಟ, ಬಲೂನು ಎರಡೂ ಕೊಡ್ತಿದ್ರು.

ಸರಿ, ಈಗ ನಮ್ಮ ಲೆಕ್ಕ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಜಮಾ-ಖರ್ಚು ಹಾಕಿಬಿಡ್ತೀನಿ. ಒಂದು ಘನ ಮೀಟರ್ ಹೀಲಿಯಂ ಸುಮಾರು ಒಂದು ಕೆಜಿ ಎತ್ತುತ್ತೆ. ಒಂದು ಮೀಟರ್ ಅಗಲದ ದುಂಡು ಬಲೂನಿನಲ್ಲಿ ಅರ್ಧ ಘನ ಮೀಟರ್ ಹಿಡಿಯುತ್ತೆ, ಅಂದ್ರೆ ಜಮಾ ಅರ್ಧ ಕೆಜಿ. ಖರ್ಚಿನಲ್ಲಿ ಬಲೂನಿನ ಸ್ವಂತ ತೂಕ ನೂರು ಗ್ರಾಂ ಅಂತಿಟ್ಕೊಳ್ಳಿ. ಇನ್ನು ತಂತಿ. 160 ಮೀಟರ್ ಬ್ಯಾಂಡಿಗೆ ಕಾಲು ಅಲೆಯ ಆಂಟೆನಾ ಅಂದ್ರೆ 40 ಮೀಟರ್ ಬೇಕು. ಮನೆ ವೈರಿಂಗ್‌ನ ಒಂದು ಎಂಎಂ ವೈರ್ ತಗೊಂಡ್ರೆ ಅದೇ ಅರ್ಧ ಕೆಜಿ ದಾಟುತ್ತೆ, ಬಲೂನ್ ನೆಲ ಬಿಟ್ಟು ಏಳಲ್ಲ. ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಹೋಗಿ ಅರ್ಧ ಮಿಲಿಮೀಟರ್ ದಪ್ಪದ ವೈಂಡಿಂಗ್ ವೈರ್ ಕೇಳಿ. 40 ಮೀಟರ್‌ಗೆ 70 ಗ್ರಾಂ ಅಷ್ಟೆ. ಜಗಳೂರಿನಲ್ಲಿ ನೀರಿಗೆ ಬರ ಇರಬಹುದು, ಮೋಟಾರ್ ರಿಪೇರಿ ಅಂಗಡಿಗಂತೂ ಬರ ಇಲ್ಲ. ಜೊತೆಗೆ ಗಟ್ಟಿ ನೈಲಾನ್ ದಾರ ಕಟ್ಟಿ. ಎಳೆತ ಎಲ್ಲ ದಾರದ ಮೇಲೆ ಬೀಳಬೇಕು, ತಂತಿ ಸಡಿಲವಾಗಿ ನೇತಾಡಬೇಕು.

ಬರ್ತ್‌ಡೇ ಬಲೂನ್ ಗೊಂಚಲು ಕಟ್ಟಿದ್ರೆ ಆಗಲ್ವಾ ಅಂದ್ರೆ, ಒಂದೊಂದು ಎತ್ತೋದು ಹತ್ತು ಗ್ರಾಂ ಆಸುಪಾಸು. ನೀವೇ ಗುಣಿಸಿ ನೋಡಿ.

ಕೈಯಲ್ಲಿ ಮುನ್ನೂರು ಗ್ರಾಂ ಉಳೀತಲ್ಲ, ಅದನ್ನು ಗಾಳಿ ತಿನ್ನುತ್ತೆ. ಗಂಟೆಗೆ 15 ಕಿ.ಮೀ. ಗಾಳಿ ಬಂದ್ರೂ ಆ ಬಲೂನು 45 ಡಿಗ್ರಿಗಿಂತ ಹೆಚ್ಚು ವಾಲಿಬಿಡುತ್ತೆ. ಹಾಗಾಗಿ ಬಲೂನು ಗಾಳಿ ಇಲ್ಲದ ಬೆಳಗಿನ ಜಾವಕ್ಕೆ. ಆಷಾಢದಲ್ಲಿ ಜಗಳೂರಿನ ಬಯಲಲ್ಲಿ ನಿಂತ್ರೆ ಗಾಳಿಪಟವೇ ವಾಸಿ, ಅದಕ್ಕೆ ಹೀಲಿಯಂ ಬಿಲ್ಲೂ ಇಲ್ಲ. ನಮ್ಮ ದೇಶ ಹೀಲಿಯಂ ಅನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗಿನಿಂದಲೇ ತರಿಸ್ಕೊಳ್ಳೋದು, ಅಗ್ಗ ಅಲ್ಲ.

ಇಲ್ಲೇ ಕೆಲವರಿಗೆ ಹೈಡ್ರೋಜನ್ ನೆನಪಾಗೋದು. ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಹಾಳೆ, ಬಾಟಲಿ ಇಟ್ಟು ಗ್ಯಾಸ್ ಮಾಡೋ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ದಯವಿಟ್ಟು ಬೇಡ. ಆ ಬಾಟಲಿ ಕುದಿಯೋ ಹಾಗೆ ಬಿಸಿಯಾಗುತ್ತೆ, ಸಿಡಿದ್ರೆ ಕಾಸ್ಟಿಕ್ ಸೀದಾ ಕಣ್ಣಿಗೆ. ಗಾಳಿಯಲ್ಲಿ ನಿಂತ ಉದ್ದ ತಂತಿ ಮೋಡ ಇಲ್ಲದಾಗಲೂ ವಿದ್ಯುತ್ತು ಕೂಡಿಸ್ಕೊಳ್ಳುತ್ತೆ, ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಹೀಲಿಯಂ ಆದ್ರೂ ಸೆಟ್‌ಗೆ ಜೋಡಿಸೋ ಮೊದಲು ತಂತಿಯನ್ನು ಅರ್ಥ್‌ಗೆ ತಾಗಿಸಿ. ಜೋಡಿಸಿದ ಮೇಲೂ ದೊಡ್ಡ ರೆಸಿಸ್ಟರ್ ಮೂಲಕ ಅರ್ಥ್ ಇರಲೇಬೇಕು. ಮೋಡ ಕಂಡ್ರೆ ಇಳಿಸಿ.

ಹೊಲದ ಮೇಲೆ ಹಾದುಹೋಗೋ 11 ಕೆವಿ ಲೈನ್ ಇನ್ನೂ ದೊಡ್ಡ ಅಪಾಯ. ದಾರ ಕಿತ್ತುಹೋದ್ರೆ 40 ಮೀಟರ್ ತಾಮ್ರ ಎಲ್ಲಿ ಬೀಳುತ್ತೆ ಅಂತ ಮೊದಲೇ ಯೋಚಿಸಿ. ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿಗೆ ಜನ ಸೇರ್ತಾರಲ್ಲ, ಅಂಥ ಕಡೆ ಇದನ್ನು ಹಾರಿಸೋ ಮಾತೇ ಇಲ್ಲ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನ್ಯಾಮತಿ ಕಡೆಯವರು ಕೇಳಿ, ಅನುಮತಿ ಪಡೆದೇ ಹಾರಿಸೋದು ಒಳ್ಳೇದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು ಹೊನ್ನಾಳಿಯವರಿಗೆ. ತುಂಗಾ, ಭದ್ರಾ ಎರಡೂ ಡ್ಯಾಮಿಂದ ಒಟ್ಟಿಗೆ ನೀರು ಬಿಟ್ರೆ ಹೊಳೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕರೆಂಟ್ ಹೋಗಿ, ಟವರ್ ಬ್ಯಾಟರಿ ಮುಗಿದು, ಫೋನ್ ಸತ್ತಾಗ ಹ್ಯಾಮ್ ರೇಡಿಯೋ ಬೇಕು ಅನ್ನೋದು ಸರಿ. 2004ರಲ್ಲಿ ಅಂಡಮಾನಿಗೆ ಹ್ಯಾಮ್ ಪ್ರಸಾರಕ್ಕೆಂದೇ ಹೋಗಿದ್ದ ಭಾರತಿ ಪ್ರಸಾದ್ ಮತ್ತವರ ತಂಡ ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಿಂದ ಸುದ್ದಿ ಮುಟ್ಟಿಸಿದ್ದು ಹೀಗೇ. ಆದ್ರೆ ಆ ಕೆಲಸಕ್ಕೆ ಬಲೂನ್ ಆಂಟೆನಾ ತಪ್ಪು ಆಯ್ಕೆ. ನೆಟ್ಟಗೆ ನಿಂತ ತಂತಿ ಅಲೆಯನ್ನು ದಿಗಂತದ ಕಡೆ ಕಳಿಸುತ್ತೆ, ನೆತ್ತಿಯ ಕಡೆಗೆ ಬಹುತೇಕ ಇಲ್ಲವೇ ಇಲ್ಲ. ದೂರದ ದೇಶ ಸಿಗಬಹುದು, ನಡುವಿನ ಊರುಗಳಿಗೆ ಸಿಗ್ನಲ್ ಸೊರಗುತ್ತೆ.

ನಿಮಗೆ ಬೇಕಿರೋದು ದಾವಣಗೆರೆ, ಶಿವಮೊಗ್ಗ, ಹೆಚ್ಚಂದ್ರೆ ಬೆಂಗಳೂರು. ಅದಕ್ಕೆ 40 ಮೀಟರ್ ಬ್ಯಾಂಡಿನ ಡೈಪೋಲ್ ಸಾಕು. ಎರಡೂ ಕಡೆ ಹತ್ತತ್ತು ಮೀಟರ್ ತಂತಿ, ನೆಲದಿಂದ ಐದಾರು ಮೀಟರ್ ಎತ್ತರ, ಅಡ್ಡಕ್ಕೆ ಕಟ್ಟಬೇಕು. ತೋಟದಲ್ಲಿ ಪೈಪನ್ನು ನೇರ ಮೇಲಕ್ಕೆ ಹಿಡಿದ್ರೆ ನೀರು ಸುತ್ತಮುತ್ತ ಬೀಳುತ್ತಲ್ಲ, ಹಾಗೆ ಅಲೆ ಮೇಲೆ ಹೋಗಿ ಅಯಾನುಗೋಳದಿಂದ ವಾಪಸ್ ಕೆಲವು ನೂರು ಕಿ.ಮೀ. ಒಳಗೇ ಬೀಳುತ್ತೆ. ಹಗಲಿಗೆ ಈ ಬ್ಯಾಂಡ್, ರಾತ್ರಿಗೆ ಇದರ ದುಪ್ಪಟ್ಟು ಉದ್ದದ ತಂತಿಯಲ್ಲಿ 80 ಮೀಟರ್ ಬ್ಯಾಂಡ್. ಚನ್ನಗಿರಿಯವರಿಗೆ ಅಡಿಕೆ ಮರಗಳೇ ಕಂಬ, ಹತ್ತೋದೂ ಬೇಡ, ಏಣಿ ಎಟುಕೋ ಎತ್ತರ ಸಾಕು. ಮಳೆಯಲ್ಲೂ ನಿಲ್ಲುತ್ತೆ. ನೆರೆ ಬರೋ ರಾತ್ರಿ ಬಲೂನು ನಿಲ್ಲಲ್ಲ.

ಜಗಳೂರಿನ ಗೆಳೆಯರೇ, ನೀವು ಯಾವುದೋ ದೂರದ ದೇಶದ ಜೊತೆ ಮಾತಾಡಬೇಕು ಅನ್ನೋದಾದ್ರೆ ಬಲೂನು ಖಂಡಿತ ನೋಡಿ. ಒಣ ನೆಲ ಆದ್ದರಿಂದ ತಂತಿಯ ಬುಡದಲ್ಲಿ ನೆಲದ ಮೇಲೆ ಸುತ್ತಲೂ ಇನ್ನಷ್ಟು ತಂತಿ ಹಾಸಬೇಕಾಗುತ್ತೆ, ಅದನ್ನು ಮರೀಬೇಡಿ. ಪ್ರಸಾರ ಮಾಡೋಕೆ ಲೈಸೆನ್ಸ್ ಕಡ್ಡಾಯ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ, 12 ವರ್ಷ ತುಂಬಿದವರು ಬರೀಬಹುದು. ಯಾರಾದ್ರೂ ಬರೆಯೋ ಪ್ಲ್ಯಾನ್ ಇದ್ರೆ ಮೆಸೇಜ್ ಮಾಡಿ, ಪಠ್ಯದ ಬಗ್ಗೆ ಮುಂದಿನ ವಾರ ಮಾತಾಡೋಣ.