ಕಿರಾಣಿ ಅಂಗಡಿಯಲ್ಲಿ ಉಪ್ಪಿನ ಲೆಕ್ಕ
(ಸೋಲಾಪುರದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ರೇಷನ್ನು ಇವುಗಳ ವಿಷಯವಾಗಿ ನಾವು ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಉಪ್ಪಿನ ವಿಷಯವನ್ನು ತೆಗೆದುಕೊಂಡಿದ್ದೇವೆ. ಇದೇನು ಸಣ್ಣ ಮಾತು ಎಂದು ಕೆಲವರಿಗೆ ಅನಿಸಬಹುದು. ಆದರೆ ರಕ್ತದೊತ್ತಡವು ಸದ್ದಿಲ್ಲದೆ ಏರುವ ರೋಗ, ನೋವಿಲ್ಲ, ಜ್ವರವಿಲ್ಲ. ಒಂದು ದಿನ ಪಾರ್ಶ್ವವಾಯು ಬಡಿದು ಮಗ್ಗದ ಮುಂದೆ ನಿಂತ ಕೈ ಬಿದ್ದುಹೋದರೆ, ಬೀಡಿ ಕಟ್ಟುವ ಬೆರಳು ಮಡಚದೆ ಹೋದರೆ, ಆ ಮನೆಯ ಸಂಪಾದನೆ ಅಂದೇ ನಿಲ್ಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ, ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ರಕ್ತದೊತ್ತಡ ಹೆಚ್ಚಾಗಿದೆ. ಅದನ್ನು ಏರಿಸುವ ಕಾರಣಗಳಲ್ಲಿ ಉಪ್ಪು ಒಂದು. ಅದೂ ನಮ್ಮ ಕೈಯಲ್ಲಿರುವ ಕಾರಣ.

ಎಷ್ಟು ಉಪ್ಪು ಸಾಕು? ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ಹೇಳಿದೆ. ಇದು ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ನಮ್ಮ ದೇಶದಲ್ಲಿ ಜನರು ಸರಾಸರಿ ಇದಕ್ಕಿಂತ ಬಹಳ ಹೆಚ್ಚು ತಿನ್ನುತ್ತಾರೆ. ನಿಮ್ಮ ಮನೆಯ ಲೆಕ್ಕವನ್ನು ನೀವೇ ನೋಡಬಹುದು, ತಕ್ಕಡಿ ಬೇಡ. ಐದು ಮಂದಿಯ ಮನೆಗೆ ದಿನಕ್ಕೆ 25 ಗ್ರಾಂ ಎಂದರೆ ಒಂದು ಕಿಲೋ ಪೊಟ್ಟಣ 40 ದಿನ ಬರಬೇಕು. ಪೊಟ್ಟಣ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದಿಡಿರಿ. ಉಪ್ಪಿನಕಾಯಿಗೆ ಹಾಕಿದ್ದನ್ನು ಬಿಟ್ಟು, ಅದು 20 ದಿನಕ್ಕೇ ಮುಗಿದರೆ ನೀವು ಎರಡು ಪಟ್ಟು ತಿನ್ನುತ್ತಿದ್ದೀರಿ. ಅಂಗಡಿಯ ತಿಂಡಿಗಳಲ್ಲಿರುವ ಉಪ್ಪು ಬೇರೆ.

ಬಡವನ ಮನೆಯಲ್ಲಿ ಉಪ್ಪು ಏಕೆ ಹೆಚ್ಚಾಗುತ್ತದೆಂಬುದನ್ನು ನಾವು ಬಲ್ಲೆವು. ಕಾಯಿಪಲ್ಲೆ ತುಟ್ಟಿಯಾದ ದಿನ ಒಣ ಭಾಕರಿ ಗಂಟಲಲ್ಲಿ ಇಳಿಯಬೇಕಾದರೆ ಉಪ್ಪಿನಕಾಯಿ ಬೇಕು, ಖಾರದ ಚಟ್ನಿ ಬೇಕು. ಪಲ್ಯದ ಜಾಗದಲ್ಲಿ ಉಪ್ಪು ಬಂದು ಕೂಡುತ್ತದೆ. ಆದುದರಿಂದ ಉಪ್ಪು ಬಿಡಿರಿ ಎಂದಷ್ಟೇ ಹೇಳಿದರೆ ಅದು ಹಸಿದವನ ತಟ್ಟೆಯಿಂದ ರುಚಿಯನ್ನೂ ಕಿತ್ತುಕೊಂಡಂತೆ. ಅದೇ ದುಡ್ಡಿನಲ್ಲಿ ಬೇರೆ ಯಾವ ರುಚಿ ಸಿಗುತ್ತದೆಂಬುದನ್ನು ಹೇಳುವುದೇ ನಮ್ಮ ಉದ್ದೇಶ.

ಒಂದನೆಯದಾಗಿ, ಬಿಡಿಯಾಗಿ ತೂಗಿಕೊಡುವ ಸಾಮಾನು. ಚಟ್ನಿಗೆ ಹಾಕುವ ಬರಿಯ ಪುಟಾಣಿಗೆ ಸಾಮಾನ್ಯವಾಗಿ ಉಪ್ಪು ಇರುವುದಿಲ್ಲ. ಖಾರಾ ಪುಟಾಣಿಗೆ ಇರುತ್ತದೆ. ಹುರಿದ ಶೇಂಗಾಕ್ಕೆ ಬದಲು ಹಸಿ ಶೇಂಗಾ ಕೊಂಡು ಮನೆಯಲ್ಲಿ ಹುರಿದುಕೊಳ್ಳಿರಿ. ಚುರುಮುರಿ ಹಗುರವೆಂದು ಮೋಸಹೋಗಬೇಡಿರಿ. ಅದರಲ್ಲಿ ಅನೇಕ ವೇಳೆ ಮೊದಲೇ ಉಪ್ಪು ಸೇರಿರುತ್ತದೆ, ಬಾಯಿಗೆ ಹಾಕಿ ನೋಡಿ ಕೊಳ್ಳಿರಿ. ತೆಳು ಅವಲಕ್ಕಿಯನ್ನು ಹುರಿದು, ಶೇಂಗಾ, ಪುಟಾಣಿ, ಕರಿಬೇವು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಇಳಿಸುವಾಗ ಚಿಟಿಕೆ ಉಪ್ಪು ಉದುರಿಸಿದರೆ ಡಬ್ಬಿಯ ತುಂಬ ಫಳಾರವಾಗುತ್ತದೆ. ಸೇವು, ಫರಸಾಣ, ಹಪ್ಪಳ, ಸಂಡಿಗೆ ಇವು ಹಬ್ಬಕ್ಕಿರಲಿ. ಒಣಮೀನು ತರುವವರು ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿರಿ.

ಎರಡನೆಯದಾಗಿ, ಪೊಟ್ಟಣದ ಸಾಮಾನು. ಅದರ ಹಿಂಬದಿಯ ಪೋಷಕಾಂಶದ ಪಟ್ಟಿಯಲ್ಲಿ ಸೋಡಿಯಂ ಎಷ್ಟೆಂದು ಮಿಲಿಗ್ರಾಂಗಳಲ್ಲಿ ಅಚ್ಚು ಹಾಕಬೇಕೆಂದು 2020ರ ನಿಯಮವಿದೆ. ಅದು ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಗು ಓದಿಕೊಡಲಿ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. 100 ಗ್ರಾಮಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 2 ಗ್ರಾಂ ಉಪ್ಪು. ಅದರ 50 ಗ್ರಾಂ ಚೀಲವನ್ನು ಒಬ್ಬನೇ ತಿಂದು ಮುಗಿಸಿದರೆ 1 ಗ್ರಾಂ, ಅಂದರೆ ದಿನದ ಮಿತಿಯ ಐದರಲ್ಲೊಂದು ಪಾಲು, ಎರಡು ನಿಮಿಷದಲ್ಲಿ ಹೋಯಿತು. ಗಟ್ಟಿ ಪದಾರ್ಥವು ಕಡಿಮೆ ಸೋಡಿಯಂನದು ಎಂದು ಹೇಳಿಕೊಳ್ಳಬೇಕಾದರೆ 100 ಗ್ರಾಮಿಗೆ 120 ಮಿಲಿಗ್ರಾಂ ದಾಟಬಾರದು, ಇದನ್ನು ನೆನಪಿನಲ್ಲಿಡಿರಿ. ನಾಲಿಗೆಗೆ ಉಪ್ಪೆನಿಸದ ಬ್ರೆಡ್ಡು, ಟೋಸ್ಟು, ಸಿಹಿ ಬಿಸ್ಕತ್ತುಗಳಲ್ಲಿಯೂ ಉಪ್ಪು ಮತ್ತು ಸೋಡಾ ಇರುತ್ತವೆ. ಅಡಿಗೆ ಸೋಡಾ, ಅಜಿನೊಮೊಟೊ ಇವೂ ಸೋಡಿಯಂನವೇ. ನೂಡಲ್ಸಿನ ಮಸಾಲೆ ಚೀಟಿಯನ್ನು ಅರ್ಧ ಮಾತ್ರ ಹಾಕಿದರೂ ಲಾಭವುಂಟು.

ಮೂರನೆಯದಾಗಿ, ಉಪ್ಪಿನ ಬದಲಿಗೆ ಏನು? ನಮ್ಮ ಜೋಳದ ಭಾಕರಿಯನ್ನು ಸಾಮಾನ್ಯವಾಗಿ ಉಪ್ಪಿಲ್ಲದೆಯೇ ತಟ್ಟುತ್ತೇವೆ; ಇದು ಹಿರಿಯರು ಕೊಟ್ಟುಹೋದ ದೊಡ್ಡ ಉಪಕಾರ. ಬ್ರೆಡ್ಡಿಗಿಂತ ಅದು ಮೇಲು. ಅದಕ್ಕೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಗಳನ್ನು ಮನೆಯಲ್ಲೇ ಕುಟ್ಟುವಾಗ ಬೆಳ್ಳುಳ್ಳಿ, ಜೀರಿಗೆ, ಹುಣಸೆಯನ್ನು ತುಸು ಹೆಚ್ಚಿಸಿ ಉಪ್ಪನ್ನು ಅರ್ಧಕ್ಕಿಳಿಸಿರಿ. ಹುಳಿಯೂ ಖಾರವೂ ಇದ್ದಲ್ಲಿ ನಾಲಿಗೆ ಉಪ್ಪನ್ನು ಅಷ್ಟಾಗಿ ಹುಡುಕುವುದಿಲ್ಲ. ಬೇಳೆಗೆ ಲಿಂಬೆ ಹಿಂಡಿರಿ. ಪೇರಲ, ಸೌತೆಕಾಯಿಗೆ ಉಪ್ಪುಖಾರದ ಬದಲು ಜೀರಿಗೆ ಪುಡಿ ಉದುರಿಸಿರಿ. ಎರಡು ದಿನ ಸಪ್ಪೆಯೆನಿಸುತ್ತದೆ, ನಿಜ. ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆಯೇ ಒಗ್ಗಿಕೊಳ್ಳುತ್ತದೆ. ಅನಂತರ ಹಳೆಯ ಅಡಿಗೆಯೇ ಉಪ್ಪುಪ್ಪು ಎನಿಸುವುದು.

ಈಗ ಕೆಲವು ಸಂದೇಹಗಳು. ಸೈಂಧವ ಲವಣ, ಕಪ್ಪು ಉಪ್ಪು ತಿನ್ನಬಹುದೇ ಎಂದು ಕೇಳುವವರಿದ್ದಾರೆ. ಅವೂ ಬಹುತೇಕ ಅದೇ ಉಪ್ಪೇ. ಬೆಲೆ ಹೆಚ್ಚು, ಅಯೋಡಿನ್ ಸಾಲದು. ತಿನ್ನುವ ಆ ಸ್ವಲ್ಪವು ಅಯೋಡಿನ್ ಉಪ್ಪೇ ಆಗಿರಲಿ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ಬಂದಿದೆ. ಉತ್ತರ ಚೀನಾದ 600 ಹಳ್ಳಿಗಳಲ್ಲಿ ಇಂಥ ಉಪ್ಪನ್ನು ಕೊಟ್ಟು ಸುಮಾರು ಐದು ವರ್ಷ ನೋಡಿದಾಗ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಗಿದೆ. ಆದರೆ ಮೂತ್ರಪಿಂಡದ ತೊಂದರೆಯಿದ್ದವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಡಾಕ್ಟರರನ್ನು ಕೇಳದೆ ಅವರು ಇದನ್ನು ಮುಟ್ಟಬಾರದು.

ಮಗ್ಗದ ಶೆಡ್ಡಿನಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಡವೇ? ಬೇಕು. ಆದರೆ ಹೆಚ್ಚಿನವರಿಗೆ ಊಟದಲ್ಲಿರುವ ಉಪ್ಪೇ ಸಾಕಾಗುತ್ತದೆ; ಮೊದಲು ಬೇಕಾದದ್ದು ನೀರು, ಗಾಳಿ, ನಡುವೆ ವಿಶ್ರಾಂತಿ. ಇವನ್ನು ಕೊಡದ ಮಾಲಿಕರಿಗೆ ಹೆಚ್ಚು ಉಪ್ಪು ತಿಂದರಾಯಿತೆಂಬ ಮಾತು ನೆಪವಾಗಬಾರದು. ವಾಂತಿಭೇದಿಯಾದಾಗ ಕೊಡುವ ಉಪ್ಪುಸಕ್ಕರೆಯ ಪುಡಿಯಲ್ಲಿ ಮಾತ್ರ ಏನನ್ನೂ ಕಡಿಮೆ ಮಾಡಬೇಡಿರಿ. ಪೊಟ್ಟಣದಲ್ಲಿ ಬರೆದ ಅಳತೆಯಂತೆಯೇ ಕಲಸಿರಿ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಸಾರು ಸಪ್ಪೆಯಾಯಿತೆಂದು ತಟ್ಟೆ ಸರಿಸುವವರು ನಾವೇ. ಮನೆಯಾಕೆ ಹೆದರಿ ಇನ್ನೊಂದು ಚಿಮಟಿ ಹಾಕುತ್ತಾಳೆ. ಆಕೆಯೊಬ್ಬಳಿಂದ ಈ ಕೆಲಸವಾಗದು. ಊಟದ ಹತ್ತಿರ ಉಪ್ಪಿನ ಡಬ್ಬಿ ಇಡದಿರುವುದೆಂದು ಎಲ್ಲರೂ ಕೂಡಿ ನಿಶ್ಚಯಿಸಿರಿ. 30 ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳಿರಿ, ಅದಕ್ಕೆ ದುಡ್ಡಿಲ್ಲ. ಮಾತ್ರೆ ನಡೆದಿದ್ದರೆ ಉಪ್ಪು ಕಡಿಮೆ ಮಾಡಿದೆವೆಂದು ಅದನ್ನು ನಿಲ್ಲಿಸಬೇಡಿರಿ.

ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ನಿಮ್ಮ ಉಪ್ಪಿನ ಪೊಟ್ಟಣ ಎಷ್ಟು ದಿನ ಬಂತೆಂಬ ಲೆಕ್ಕವನ್ನು ತನ್ನಿರಿ. ನಾವೂ ನಮ್ಮ ಲೆಕ್ಕವನ್ನು ತರುತ್ತೇವೆ.